ಕೂದಲೆಳೆಯ ಲೆಕ್ಕದಲ್ಲಿ ಒಂದು ಪುಟ್ಟ ಉಗಿಬಂಡಿ

ನೀಲಗಿರಿ, ಡಾರ್ಜಿಲಿಂಗ್‌ನಂಥ ಬೆಟ್ಟದ ದಾರಿ ಬಿಟ್ಟರೆ ನಮ್ಮ ದೇಶದಲ್ಲಿ ಉಗಿಬಂಡಿಯ ಕಾಲ ಮುಗಿದು ಎರಡು ದಶಕಗಳ ಮೇಲಾಯಿತು. ನಮ್ಮ ಮಕ್ಕಳು ಅದನ್ನು ಮೈಸೂರಿನ ರೈಲು ಮ್ಯೂಸಿಯಂನಲ್ಲೋ, ಮೊಬೈಲ್‌ನಲ್ಲೋ ನೋಡಿರಬಹುದು, ಅಷ್ಟೇ. ಆದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡು, ನಿಜವಾದ ಬೆಂಕಿ, ನೀರು, ಉಗಿಯಿಂದಲೇ ಓಡುವ ಪುಟ್ಟ ಎಂಜಿನ್ ಕಟ್ಟುವವರು ಜಗತ್ತಿನಲ್ಲಿ ಇವತ್ತಿಗೂ ಇದ್ದಾರೆ. ಆಟದ ಸಾಮಾನು ಅಂತ ತಿಳಿಯಬೇಡಿ. ಮೂರೂವರೆ ಇಂಚು ಅಗಲದ ಹಳಿಯ ಮೇಲೆ ನಿಂತು, ಕಟ್ಟಿದವನನ್ನೇ ಹಿಂದೆ ಕೂರಿಸಿಕೊಂಡು ಎಳೆಯುತ್ತದೆ ಅದು.

ಈ ಹವ್ಯಾಸ ಬೇರೂರಿದ್ದು ಇಂಗ್ಲೆಂಡಿನಲ್ಲಿ. 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ ಅಲ್ಲಿ 1898ರಲ್ಲೇ ಶುರುವಾಯಿತು. ಕಲ್ಲಿದ್ದಲು ಉರಿಸುವ ಇಷ್ಟು ಸಣ್ಣ ಎಂಜಿನ್ ಮನುಷ್ಯರನ್ನು ಎಳೆಯೋದು ಆಗದ ಮಾತು ಎಂದು ಆ ಕಾಲದಲ್ಲಿ ಅನೇಕರು ನಂಬಿದ್ದರು. ರೈಲ್ವೆಯಲ್ಲಿ ದುಡಿದಿದ್ದ ಕರ್ಲಿ ಲಾರೆನ್ಸ್ ಎಂಬವರು 1920ರ ದಶಕದಲ್ಲಿ, ಎರಡೂವರೆ ಇಂಚು ಹಳಿಯ 'ಆಯೇಶಾ' ಎಂಬ ಎಂಜಿನ್ನಿನಿಂದ ಅದನ್ನು ಮಾಡಿ ತೋರಿಸಿದರು. ಮುಂದೆ 'ಎಲ್‌ಬಿಎಸ್‌ಸಿ' ಎಂಬ ಹೆಸರಿನಲ್ಲಿ, ವರ್ಕ್‌ಶಾಪ್ ಮೆಟ್ಟಿಲು ಹತ್ತದವರಿಗೂ ಅರ್ಥವಾಗುವ ಹಾಗೆ ಒಂದೊಂದೇ ಭಾಗ ಮಾಡುವ ಕ್ರಮವನ್ನು ವರ್ಷಗಟ್ಟಲೆ ಬರೆದರು.

ಆ ಕೆಲಸದ ಒಳಗು ಹೇಗಿರುತ್ತದೆ, ಸ್ವಲ್ಪ ನೋಡೋಣ.

ಮೊದಲು ಚಕ್ರ. ಬೀಡುಕಬ್ಬಿಣದ ಎರಕವನ್ನು ಲೇತ್‌ನ ಚಕ್‌ಗೆ ಕಚ್ಚಿಸಿ, ಹಿಂಬದಿ ಸಮ ಮಾಡಿ, ನಡುವೆ ತೂತು ಕೊರೆಯಬೇಕು. ಹಳಿಯ ಮೇಲೆ ಉರುಳುವ ಅಂಚನ್ನು ಮಾತ್ರ ಕೊನೆಗೆ ತೆಗೆಯುವುದು. ಎಲ್ಲ ಚಕ್ರಗಳನ್ನೂ ಒಂದಾದ ಮೇಲೊಂದು ಹಾಕಿ, ಟೂಲ್ ಇಟ್ಟ ಜಾಗ ಕದಲಿಸದೆ ಕತ್ತರಿಸುತ್ತಾರೆ. ಯಾಕೆಂದರೆ ಒಂದೇ ರಾಡಿಗೆ ಕಟ್ಟಿದ ಚಕ್ರಗಳಲ್ಲಿ ಒಂದು ದಪ್ಪ, ಒಂದು ಸಣ್ಣ ಆದರೆ, ಯಾವುದಾದರೂ ಒಂದು ಹಳಿಯ ಮೇಲೆ ಜಾರಲೇಬೇಕು.

ಆಮೇಲೆ ಸಿಲಿಂಡರ್, ಪಿಸ್ಟನ್. ನಮ್ಮ ತಲೆಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಮೈಕ್ರೋಮೀಟರ್ 0.01 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ಇಲ್ಲಿನ ಲೆಕ್ಕವೆಲ್ಲ ಆ ಕೂದಲೆಳೆಗಿಂತ ಕೆಳಗಿನದ್ದು. ಪಿಸ್ಟನ್ ಸಡಿಲವಾದರೆ ಉಗಿ ಸೋರಿ ಶಕ್ತಿ ಹೋಗುತ್ತದೆ, ಬಿಗಿಯಾದರೆ ಬಿಸಿಯಾದಾಗ ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಕಮ್ಮಿ ತೆಗೆದರೆ ಇನ್ನೊಮ್ಮೆ ತೆಗೆಯಬಹುದು. ಜಾಸ್ತಿ ತೆಗೆದರೆ ಆ ತುಂಡು ಗುಜರಿಗೇ ಹೋಗಬೇಕು.

ಪಿಸ್ಟನ್ ಹೋಗಿ ಬರುತ್ತದೆ, ಚಕ್ರ ತಿರುಗುತ್ತದೆ. ಇವೆರಡನ್ನು ಜೋಡಿಸುವುದು ಕ್ರ್ಯಾಂಕ್. ತಿರುಗುವ ಚಲನೆಯನ್ನು ಹೋಗಿ ಬರುವ ಚಲನೆಯಾಗಿ ಮಾಡುವ ಪಂಪೊಂದನ್ನು ಇಸ್ಮಾಯಿಲ್ ಅಲ್ ಜಝರಿ 1206ರ ತಮ್ಮ ಗ್ರಂಥದಲ್ಲಿ ಚಿತ್ರ ಸಮೇತ ವಿವರಿಸಿದ್ದಾರೆ. ಉಗಿಬಂಡಿಯಲ್ಲಿ ನಡೆಯುವುದು ಅದರ ತಿರುಗುಮುರುಗು. ಎಡಗಡೆ, ಬಲಗಡೆ ಕ್ರ್ಯಾಂಕ್‌ಗಳನ್ನು 90 ಡಿಗ್ರಿ ಅಂತರದಲ್ಲಿ ಕೂರಿಸುತ್ತಾರೆ. ಒಂದು ಪಿಸ್ಟನ್ ತುದಿ ಮುಟ್ಟಿ ತಳ್ಳಲಾಗದೆ ನಿಂತಾಗ, ಇನ್ನೊಂದು ನಡುದಾರಿಯಲ್ಲಿದ್ದು ಪೂರ್ತಿ ಬಲದಿಂದ ತಳ್ಳುತ್ತಿರುತ್ತದೆ. ಎಲ್ಲ ಅಚ್ಚುಗಳಲ್ಲೂ ಈ ಕೋನ ಒಂದೇ ಆಗಿರಬೇಕು. ಇಲ್ಲದಿದ್ದರೆ ರಾಡ್ ಹಿಡಿದುಕೊಂಡು ಬಂಡಿ ನಿಂತುಬಿಡುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬಾಯ್ಲರ್. ನಮ್ಮ ಅಡುಗೆಮನೆಯ ಕುಕ್ಕರ್ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡದಲ್ಲಿ ಸೀಟಿ ಹಾಕುತ್ತದೆ. ಈ ಪುಟ್ಟ ಬಾಯ್ಲರ್‌ಗಳು 80 ಪೌಂಡ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದ ತಾಮ್ರದ ತಗಡನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಿ, ಬೆಂಕಿ ಹಾಕುವ ಮೊದಲೇ ಬರೀ ತಣ್ಣೀರು ತುಂಬಿಸಿ ಇಮ್ಮಡಿ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ನೀರು ಉಗಿಯಂತೆ ಕುಗ್ಗಿ ಹಿಗ್ಗುವುದಿಲ್ಲ. ಬೆಸುಗೆ ಬಿಟ್ಟರೂ ಹನಿ ಸೋರುತ್ತದೆ, ಸಿಡಿಯುವುದಿಲ್ಲ. ಮಕ್ಕಳು ಹಳೇ ಡಬ್ಬಿ, ಸಿಲಿಂಡರ್ ಹಿಡಿದು ಬಾಯ್ಲರ್ ಮಾಡಲು ಹೊರಟರೆ ಮಾತ್ರ ಖಂಡಿತಾ ತಡೆಯಿರಿ.

ಇದೆಲ್ಲ ಹೊರದೇಶದವರ ಶೋಕಿ, ನಮಗೇನು ಎಂದು ಕೇಳಬಹುದು. ನೀಲಗಿರಿ ರೈಲಿನ ಹಳೆಯ ಎಂಜಿನ್‌ಗಳು ಸ್ವಿಟ್ಜರ್‌ಲ್ಯಾಂಡಿನಲ್ಲಿ ತಯಾರಾದವು. ಅವು ಸವೆದಾಗ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ತಿರುಚ್ಚಿಯ ಗೋಲ್ಡನ್ ರಾಕ್ ರೈಲ್ವೆ ವರ್ಕ್‌ಶಾಪಿನ ಕೆಲಸಗಾರರು ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಇಲ್ಲಿ ಕಟ್ಟಿ ಹಳಿಗೆ ಇಳಿಸಿದರು, ಅದೂ ಈ ಶತಮಾನದಲ್ಲಿ. ಟರ್ನರ್, ಫಿಟ್ಟರ್ ಕೈಗಳಿಲ್ಲದೆ ಅದು ಆಗುತ್ತಿತ್ತೇ?

ಆ ಕೈಗಳು ನಮ್ಮ ಹತ್ತಿರವೂ ಇವೆ. ಕರೂರು, ಸಿರುಗುಪ್ಪ ಕಡೆಯದ್ದು ಭತ್ತದ ಸೀಮೆ. ಟ್ರ್ಯಾಕ್ಟರಿನ ಪಿನ್ ಸವೆಯಲಿ, ಪಂಪಿನ ಬುಶ್ ಹೋಗಲಿ, ಕಟಾವಿನ ಹೊತ್ತಿಗೆ ಮೆಷಿನ್ ನಿಲ್ಲಲಿ, ರೈತ ಓಡುವುದು ಲೇತ್ ಅಂಗಡಿಗೆ. ಹಳೇ ತುಂಡು ಅಳೆದು ಹೊಸದು ಮಾಡಿಕೊಡುವ ಆ ಮನುಷ್ಯನ ವಿದ್ಯೆಯೂ, ಪುಟ್ಟ ಉಗಿಬಂಡಿ ಕಟ್ಟುವವನ ವಿದ್ಯೆಯೂ ಒಂದೇ.

ಆದರೆ ನಮ್ಮ ಮನೆಗಳಲ್ಲಿ ಐಟಿಐ ಅಂದರೆ ಮಾರ್ಕ್ಸ್ ಬಾರದವನ ದಾರಿ. ಮೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸ ಬೇಡ, ಹೇಗಾದರೂ ಒಂದು ವೀಸಾ ಸಿಕ್ಕರೆ ಸಾಕು ಎನ್ನುತ್ತೇವೆ. ಕೈಯಲ್ಲಿ ಕಸುಬಿಲ್ಲದೆ ಹೋದವನು ಅಲ್ಲಿಯೂ ಹೆಲ್ಪರ್ ಆಗಿಯೇ ಉಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ನಕ್ಷೆ ಓದಿ, 0.01 ಮಿಲಿಮೀಟರ್ ಅಳೆದು ತುಂಡು ತೆಗೆಯಬಲ್ಲ ಹುಡುಗನಿಗೆ ಇಲ್ಲಿಯೂ ಕೆಲಸವಿದೆ, ಅಲ್ಲಿಯೂ ಇದೆ.

ಮನೆಯಲ್ಲಿ ಸೈಕಲ್ ಬಿಚ್ಚಿ ಜೋಡಿಸುವ, ಕೆಟ್ಟ ಮಿಕ್ಸಿ ತೆರೆದು ಕೂರುವ ಮಗನಿದ್ದರೆ ಗದರಿಸಬೇಡಿ. ಪರಿಚಯದ ಲೇತ್ ಅಂಗಡಿಯವರಲ್ಲಿ ಕೇಳಿ, ರಜೆಯಲ್ಲಿ ನಾಲ್ಕು ದಿನ ನಿಂತು ನೋಡಲು ಕಳಿಸಿ. ಆಸೆ ಹುಟ್ಟಿದರೆ, ಮೊದಲು ಹಿತ್ತಾಳೆಯಲ್ಲಿ ಒಂದೇ ಸಿಲಿಂಡರಿನ ಸಣ್ಣ ಎಂಜಿನ್ ಮಾಡಲಿ. ಅದಕ್ಕೆ ಉಗಿಯೂ ಬೇಡ, ಬೆಂಕಿಯೂ ಬೇಡ. ಅಳತೆ ಸರಿಯಿದ್ದರೆ ಸೈಕಲ್ ಪಂಪಿನ ಗಾಳಿಗೇ ತಿರುಗುತ್ತದೆ.