ಅಮೆರಿಕದ ಮಹಿಳೆಯರ ಬಾರ್ಬರ್‌ಷಾಪ್ ಗಾನ

ಅಮೆರಿಕದಲ್ಲಿ ‘ಬಾರ್ಬರ್‌ಷಾಪ್’ ಎಂಬ ಗಾನಪದ್ಧತಿಯೊಂದುಂಟು. ಕ್ಷೌರದಂಗಡಿಯ ಹೆಸರನ್ನು ಹೊತ್ತಿರುವುದರಿಂದ ಇದು ಬರಿಯ ಹೊತ್ತುಗಳೆಯುವ ವಿನೋದವೆಂದು ತೋರಬಹುದು. ಆದರೆ ನಾದಶಾಸ್ತ್ರದ ದೃಷ್ಟಿಯಿಂದಲೂ ಸಮಾಜದ ಇತಿಹಾಸದ ದೃಷ್ಟಿಯಿಂದಲೂ ಇದು ವಿಚಾರಾರ್ಹವಾದುದು. ಅದರಲ್ಲಿಯೂ ಊರೂರಿನ ಸ್ತ್ರೀಯರು ನಡೆಸುವ ವೃಂದಗಳ ಕಥೆಯು, ಕೂಡಿ ಹಾಡುವುದೆಂದರೇನು, ಆ ಕೂಟಕ್ಕೆ ಯಾರು ಸೇರಬಹುದು ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಮುಂದಿಡುತ್ತದೆ.

ಈ ಗಾನಕ್ಕೆ ಪಕ್ಕವಾದ್ಯವಿಲ್ಲ. ನಾಲ್ಕು ಬಗೆಯ ಕಂಠಗಳೇ ಎಲ್ಲ. ಹಾಡಿನ ಧಾಟಿಯನ್ನು ನಡೆಸುವುದು ‘ಲೀಡ್’. ಅದರ ಮೇಲೆ ತೆಳುವಾಗಿ ಸಾಗುವುದು ‘ಟೆನರ್’. ಕೆಳಗಿನ ಆಧಾರವನ್ನು ಕೊಡುವುದು ‘ಬೇಸ್’. ‘ಬ್ಯಾರಿಟೋನ್’ ಲೀಡಿನ ಮೇಲೊಮ್ಮೆ ಕೆಳಗೊಮ್ಮೆ ಸಂಚರಿಸಿ, ಸ್ವರಗುಚ್ಛದಲ್ಲಿ ಉಳಿದ ತೆರವನ್ನು ತುಂಬುತ್ತದೆ. ಇವು ಪುರುಷರ ಕೂಟದಲ್ಲಿ ರೂಢಿಯಾದ ಹೆಸರುಗಳು. ಸ್ತ್ರೀಯರು ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು, ಶ್ರುತಿಯನ್ನು ತಮ್ಮ ಕಂಠಕ್ಕೊಪ್ಪುವಂತೆ ಏರಿಸಿಕೊಂಡರು.

ಈ ಪದ್ಧತಿಯ ಜೀವಾಳ ನಾಲ್ಕು ಸ್ವರಗಳ ಒಂದು ಗುಚ್ಛ. ಅದರ ಕಂಪನಸಂಖ್ಯೆಗಳು 4 : 5 : 6 : 7 ಎಂಬ ಪ್ರಮಾಣದಲ್ಲಿರುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲ ಮೂರು ಷಡ್ಜ, ಅಂತರ ಗಾಂಧಾರ, ಪಂಚಮಗಳು. ತಂಬೂರಿಯ ಮಂದ್ರ ತಂತಿಯನ್ನು ಮೀಟಿದಾಗ ಯಾರೂ ನುಡಿಸದ ಗಾಂಧಾರವು ತಾನಾಗಿ ಕೇಳಿಬರುವುದನ್ನು ವಾಚಕರು ಬಲ್ಲರು. ಆ ಸ್ವಯಂಭೂ ಸ್ವರಗಳ ಶ್ರೇಣಿಯಲ್ಲಿಯೇ ಮುಂದೆ ದೊರೆಯುವ ಏಳನೆಯದು ಇಲ್ಲಿಯ ನಿಷಾದ. ಇದು ಪಿಯಾನೊದ ಕೋಮಲ ನಿಷಾದಕ್ಕಿಂತ ಅರ್ಧಸ್ವರದ ಮೂರನೆಯ ಒಂದು ಪಾಲಿನಷ್ಟು ತಗ್ಗಿನಲ್ಲಿರುವುದರಿಂದ ಆ ವಾದ್ಯದಲ್ಲಿ ಸಿಕ್ಕದು, ಕಿವಿಯಿಂದಲೇ ಹುಡುಕಬೇಕು. ನಾಲ್ಕು ಕಂಠಗಳೂ ಸರಿಯಾಗಿ ಕೂಡಿದಾಗ, ಯಾರೂ ಹಾಡದ ಐದನೆಯ ಸ್ವರವೊಂದು ಮೇಲೆ ಝೇಂಕರಿಸಿದಂತೆ ಭಾಸವಾಗುತ್ತದೆ. ಅದಕ್ಕಾಗಿ ಗಾಯಕಿಯು ಕಂಠದ ಕಂಪನವನ್ನು ಅಡಗಿಸಿ, ತನ್ನ ಅಕಾರ ಇಕಾರಗಳನ್ನು ನೆರೆಯವಳ ಉಚ್ಚಾರಕ್ಕೆ ಹೊಂದಿಸಿಕೊಳ್ಳಬೇಕು. ನಾಲ್ವರಲ್ಲಿ ಇದು ಕಷ್ಟ; ಒಂದೊಂದು ಕಂಠಕ್ಕೂ ಹಲವರಿರುವ ವೃಂದದಲ್ಲಿ ಮತ್ತೂ ಕಷ್ಟ. ಗೃಹಿಣಿಯರು, ಉಪಾಧ್ಯಾಯಿನಿಯರು, ಕಚೇರಿಯ ನೌಕರರು ವಾರಕ್ಕೊಂದು ಸಂಜೆ ಕೂಡಿ ಸಾಧಿಸುವುದು ಇದನ್ನೇ.

ಇನ್ನು ಸಂಸ್ಥೆಗಳ ವಿಚಾರ. 1938ರಲ್ಲಿ ಓಕ್ಲಹಾಮ ಪ್ರಾಂತದ ಟಲ್ಸ ನಗರದಲ್ಲಿ ಓವೆನ್ ಕ್ಯಾಷ್, ರೂಪರ್ಟ್ ಹಾಲ್ ಎಂಬಿಬ್ಬರು ಪುರುಷರ ಸಂಘವನ್ನು ಆರಂಭಿಸಿದರು. ಪತಿಗಳ ಗಾನವನ್ನು ಕೇಳುತ್ತ ಕುಳಿತಿರಲೊಲ್ಲದೆ, 1945ರಲ್ಲಿ ಅದೇ ನಗರದಲ್ಲಿ ಎಡ್ನಾ ಮೇ ಆಂಡರ್ಸನ್ ಮತ್ತು ಆಕೆಯ ಸಂಗಡಿಗರು ‘ಸ್ವೀಟ್ ಅಡಲೈನ್ಸ್’ ಸಂಘವನ್ನು ಕಟ್ಟಿದರು. ಇಂದು ಅದರ ವೃಂದಗಳು ಹಲವು ದೇಶಗಳಲ್ಲಿವೆ.

ಹೊರಗಿಡಲ್ಪಟ್ಟವರು ಕಟ್ಟಿದ ಈ ಸಂಘವೇ 1958ರಲ್ಲಿ ತನ್ನ ಸದಸ್ಯತ್ವವನ್ನು ಬಿಳಿಯ ಸ್ತ್ರೀಯರಿಗೆ ಮೀಸಲಿಟ್ಟಿತು. ವಿಪರ್ಯಾಸವೆಂದರೆ ಈ ಗಾನದ ಬೇರುಗಳು ಕರಿಯ ಜನರಲ್ಲಿಯೇ ಇವೆ. ಲಿನ್ ಆಬಟ್ ಎಂಬ ವಿದ್ವಾಂಸರು 1992ರ ಲೇಖನವೊಂದರಲ್ಲಿ ಇದನ್ನು ಪ್ರಮಾಣಸಹಿತವಾಗಿ ತೋರಿಸಿದರು. ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ ಸಹ ಬಾಲ್ಯದಲ್ಲಿ ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಇಂಥ ನಾಲ್ವರ ಮೇಳದಲ್ಲಿ ಹಾಡಿದವನೇ. ಆ ನಿಯಮವನ್ನೊಪ್ಪದ ಕೆಲವು ಶಾಖೆಗಳು ಹೊರಬಂದು 1959ರಲ್ಲಿ ‘ಹಾರ್ಮನಿ ಇನ್‌ಕಾರ್ಪೊರೇಟೆಡ್’ ಎಂಬ ಬೇರೆ ಸಂಸ್ಥೆಯನ್ನು ಸ್ಥಾಪಿಸಿದವು. ಮೂಲ ಸಂಘವು 1966ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು. ಪುರುಷರ ಸಂಘವು ಸ್ತ್ರೀಯರಿಗೆ ಪೂರ್ಣ ಸದಸ್ಯತ್ವವನ್ನು ತೆರೆದದ್ದು 2018ರಲ್ಲಿ.

ಕಂಠಗಳನ್ನು ಕೂಡಿಸುವುದು ವಿದ್ಯೆಯಿಂದ ಸಾಧ್ಯವಾಯಿತು. ಮನುಷ್ಯರನ್ನು ಕೂಡಿಸುವುದಕ್ಕೆ, ಹಾಡುತ್ತಿದ್ದವರಲ್ಲಿಯೇ ಕೆಲವರು ಎದ್ದು ಹೊರನಡೆಯಬೇಕಾಯಿತು. ಈ ಗಾನದ ಮಾಧುರ್ಯವನ್ನು ಮೆಚ್ಚುವವರು ಅವರ ಆ ನಿರ್ಧಾರವನ್ನೂ ಅದರ ಚರಿತ್ರೆಯ ಭಾಗವೆಂದೇ ಎಣಿಸುವುದು ಉಚಿತ.