ವರ್ಷದ ಲಾವಣಿಯೂ ಸರಕಾರದ ಕಾಯದೆಯೂ

ಖಾನಾಪುರ ತಾಲೂಕಿನ ಪಾರಿಶ್ವಾಡದ ಸೀಮೆಯಲ್ಲಿಯೂ ಬೆಳಗಾವಿ ಜಿಲ್ಲೆಯ ಇತರ ಕಡೆಗಳಲ್ಲಿಯೂ ಹೊಲಗದ್ದೆಗಳನ್ನು ಒಂದು ಹಂಗಾಮಿಗೆ ಇಲ್ಲವೆ ಒಂದು ವರ್ಷಕ್ಕೆ ಲಾವಣಿಗೋ ಕೋರಿಗೋ ಕೊಡುವ ರೂಢಿಯು ಬಹು ಹಳೆಯದು. ಇಂಥ ಅಲ್ಪಾವಧಿಯ ಕರಾರಿನಿಂದ ಮೊದಲು ಕೆಡುವುದು ಭೂಮಿಯೇ. ತಿಪ್ಪೆಗೊಬ್ಬರದಲ್ಲಿಯ ಸಾರಜನಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮೊದಲ ಬೆಳೆಗೆ ದೊರೆತು, ಉಳಿದುದು ಮುಂದಿನ ಬೆಳೆಗಳಿಗೆ ಸಲ್ಲುತ್ತದೆ. ಮುಂದಿನ ವರ್ಷ ಆ ಹೊಲವು ತನ್ನ ಕೈಯಲ್ಲಿರುವುದೋ ಇಲ್ಲವೋ ಎಂದು ಅರಿಯದ ಸಾಗುವಳಿದಾರನು ಗೊಬ್ಬರವನ್ನೇಕೆ ಹೇರುವನು? ಒಡೆದ ಒಡ್ಡನ್ನೇಕೆ ಕಟ್ಟುವನು? ಕಬ್ಬಿನ ಕೂಳೆ ಬೆಳೆಯನ್ನಂತೂ ಅವನು ನೆಚ್ಚಲಾರನು.

ಕುಳಕ್ಕೆ ಹಕ್ಕು ಹುಟ್ಟಬಾರದೆಂದು ಮಾಲಕರು ವರ್ಷವರ್ಷಕ್ಕೆ ಕುಳವನ್ನು ಬದಲಿಸುತ್ತಿದ್ದುದೂ ಉಂಟು. ಇದನ್ನು ತಡೆಯುವುದಕ್ಕಾಗಿ ಮುಂಬಯಿ ಸರಕಾರವು 1939ರಲ್ಲಿ ಕುಳ ಕಾಯದೆಯನ್ನು ಮಾಡಿತು. ಅದರ ಬದಲಿಗೆ ಬಂದ 1948ರ ಕಾಯದೆಯು ಗೇಣಿಯ ಅವಧಿ ಹತ್ತು ವರ್ಷಕ್ಕೆ ಕಡಿಮೆಯಿರಬಾರದೆಂದೂ, ಗೇಣಿಯು ನೀರಾವರಿ ಭೂಮಿಯಲ್ಲಿ ಬೆಳೆಯ ನಾಲ್ಕನೆಯ ಒಂದು ಪಾಲನ್ನು, ಉಳಿದ ಭೂಮಿಯಲ್ಲಿ ಮೂರನೆಯ ಒಂದು ಪಾಲನ್ನು ಮೀರಬಾರದೆಂದೂ ವಿಧಿಸಿತು. ಒಕ್ಕಲುತನದ ದೃಷ್ಟಿಯಿಂದ ನೋಡಿದರೆ ಹತ್ತು ವರ್ಷದ ಈ ನಿಯಮವು ವಿವೇಕದ್ದೇ ಆಗಿತ್ತು. ಹತ್ತು ವರ್ಷ ಕೈಯಲ್ಲಿರುವ ಹೊಲವನ್ನು ಯಾರೂ ಬರಿದು ಮಾಡರು.

1956ರ ನವೆಂಬರ 1ರಂದು ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯದ 1961ರ ಭೂಸುಧಾರಣಾ ಕಾಯದೆಯು 1965ರ ಅಕ್ಟೋಬರ 2ರಿಂದ ಜಾರಿಗೆ ಬಂದಿತು. ಅದರ ತಿದ್ದುಪಡಿಯ ಮೇರೆಗೆ 1974ರ ಮಾರ್ಚ 1ರಂದು ಗೇಣಿಯ ಭೂಮಿಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಕುಳಗಳು ಭೂ ನ್ಯಾಯಮಂಡಳಿಗೆ ಅರ್ಜಿ ಮಾಡಿ ಒಡೆತನ ಪಡೆದರು. ಅಂದಿನಿಂದ ಕಾಯದೆಯ 5ನೆಯ ಕಲಮು ಸಾಗುವಳಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದನ್ನು, ಅವಧಿ ಎಷ್ಟೇ ಅಲ್ಪವಿರಲಿ, ನಿಷೇಧಿಸಿದೆ. ಸೈನಿಕರಿಗೂ ನಾವಿಕರಿಗೂ ಮಾತ್ರ ವಿನಾಯಿತಿಯನ್ನು ಇಟ್ಟಿದ್ದಿತು.

ನಿಷೇಧದಿಂದ ಲಾವಣಿಯು ನಿಂತಿತೇ? ಇಲ್ಲ, ಕಾಗದದಿಂದ ಬಾಯಿಮಾತಿಗೆ ಇಳಿಯಿತು, ಅಷ್ಟೆ. ಹಕ್ಕು ಹುಟ್ಟೀತೆಂಬ ಅಂಜಿಕೆಯಿಂದ ಮಾಲಕನು ಬರೆದುಕೊಡನು. ಪಹಣಿ ಉತಾರದಲ್ಲಿ ಹೆಸರಿಲ್ಲದ ಸಾಗುವಳಿದಾರನಿಗೆ ಬೆಳೆಸಾಲವೂ ಬೆಳೆಹಾನಿಯ ಪರಿಹಾರವೂ ದೊರೆಯುವುದು ದುಸ್ತರ. ಅತಿವೃಷ್ಟಿಯಲ್ಲಿ ಭತ್ತ ಕೊಚ್ಚಿ ಹೋದಾಗ ನಷ್ಟ ಅವನದು, ಪರಿಹಾರ ಮಾಲಕನದು. ಮಾಲಕನಿಗೂ ನೆಮ್ಮದಿಯಿಲ್ಲ: ಲಾವಣಿಯ ಹಣ ಬಾರದಿದ್ದರೆ ನಿಷಿದ್ಧ ಕರಾರನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವುದು ಕಠಿಣ.

2016ರಲ್ಲಿ ನೀತಿ ಆಯೋಗವು ಮಾದರಿ ಭೂ ಗುತ್ತಿಗೆ ಕಾಯದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಮಾಲಕನ ಒಡೆತನಕ್ಕೆ ಕುಂದಿಲ್ಲದೆ ಬರಹದ ಕರಾರಿನಿಂದ ಭೂಮಿ ಕೊಡುವುದು, ಅವಧಿ ತೀರಿದೊಡನೆ ಅದು ಮರಳುವುದು, ಸಾಗುವಳಿದಾರನಿಗೆ ಸಾಲ ಮತ್ತು ವಿಮೆಯ ಅನುಕೂಲವಾಗುವುದು ಅದರ ತಿರುಳು. ಇದು ಮಾದರಿಯೇ ಹೊರತು ಈ ರಾಜ್ಯದ ಕಾಯದೆಯಲ್ಲ. ಆದುದರಿಂದ ಭೂಮಾಲಕರು ಲಾವಣಿಯ ಮಾತು ಆಡುವ ಮೊದಲು ತಹಶೀಲದಾರರ ಕಚೇರಿಯಲ್ಲಿ ಸದ್ಯದ ನಿಯಮವನ್ನು ವಿಚಾರಿಸತಕ್ಕದ್ದು.