ಹೊಗೆ ಮೊದಲು, ಉರಿ ಆಮೇಲೆ

ಆನೆಗೊಂದಿಯಿಂದ ತುಂಗಭದ್ರೆಯನ್ನು ದಾಟಿ ಹಂಪೆಯ ಅರಮನೆಗಳ ನೆಲೆಯನ್ನು ನೋಡಿಬಂದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಲ್ಲಿನ ಗುಡಿಗಳು ಎಷ್ಟೋ ಇನ್ನೂ ನಿಂತಿವೆ. ಅರಮನೆಗಳಿದ್ದ ಕಡೆಯಲ್ಲಾದರೋ ಕೆತ್ತನೆಯ ಕಲ್ಲಿನ ಜಗತಿಗಳಷ್ಟೇ ಉಳಿದಿವೆ. ಜಗತಿಯ ಮೇಲಿದ್ದ ಕಂಬ, ತೊಲೆಗಳು ಮರದವು. 1565ರ ಯುದ್ಧದ ತರುವಾಯ ಪಟ್ಟಣವು ಸೂರೆಯಾದಾಗ ಅವು ಬೆಂಕಿಯ ಪಾಲಾದವು. ಹೊಳೆಯ ಈಚೆಗಿರುವ ನಮ್ಮ ಹಳೆಯ ಮನೆಗಳಲ್ಲಿಯೂ ಮರ ಕಡಿಮೆಯೇನಿಲ್ಲ. ಕಲ್ಲುಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ಮಣ್ಣಿನ ಮಾಳಿಗೆ. ಹಿತ್ತಿಲಲ್ಲಿ ಭತ್ತದ ಹುಲ್ಲಿನ ಬಣವೆ. ಇಂಥ ಮನೆಯೊಳಕ್ಕೆ ಈಗ ವಿದ್ಯುತ್ತಿನ ತಂತಿಯೂ ಅನಿಲದ ಸಿಲಿಂಡರೂ ಬಂದಿವೆ. ಕೆಲವು ಮನೆಗಳಲ್ಲಿ ಪರಸ್ಥಳದ ಯಾತ್ರಿಕರೂ ತಂಗುತ್ತಾರೆ.

ಇಷ್ಟು ಹೇಳಿದೊಡನೆ ನಿಮ್ಮ ಕಣ್ಣ ಮುಂದೆ ಧಗಧಗಿಸುವ ಉರಿ ಬಂದು ನಿಂತಿರಬೇಕು. ನಾನು ಹೇಳಹೊರಟದ್ದು ಹೊಗೆಯ ವಿಷಯ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸಾಯುವವರಲ್ಲಿ ಬಹಳ ಮಂದಿ ಸುಟ್ಟು ಸಾಯುವುದಿಲ್ಲ, ಹೊಗೆ ಕುಡಿದು ಸಾಯುತ್ತಾರೆ. ಸಂಸ್ಕೃತದಲ್ಲಿ ಅಗ್ನಿಗೆ ಧೂಮಧ್ವಜನೆಂದು ಒಂದು ಹೆಸರುಂಟು. ಹೊಗೆಯನ್ನೇ ಬಾವುಟವಾಗಿ ಉಳ್ಳವನು ಎಂದು ಅರ್ಥ. ಬಾವುಟ ದಂಡಿನ ಮುಂದೆ ಬರುತ್ತದಷ್ಟೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬೇಕೆಂದು ತಾರ್ಕಿಕರು ಕಲಿಸುತ್ತಾರೆ. ಬೆಟ್ಟವನ್ನು ದೂರದಿಂದ ನೋಡುವವನಿಗೆ ಅಷ್ಟು ಸಾಕು. ಮನೆಯೊಳಗೆ ಮಲಗಿದವನಿಗೆ ಊಹೆ ಮಾಡುತ್ತ ಕೂರುವಷ್ಟು ವ್ಯವಧಾನವಿರುವುದಿಲ್ಲ.

ಬೆಂಗಳೂರಿನಲ್ಲಿ 2010ರ ಫೆಬ್ರುವರಿ 23ರಂದು ನಡೆದುದನ್ನು ನೋಡಿ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಹಾಡುಹಗಲೇ ಬೆಂಕಿ ಹತ್ತಿತು. ವಿದ್ಯುತ್ ತಂತಿಗಳು ಮೇಲಕ್ಕೆ ಹೋಗುವ ಕೊಳವೆಯಂಥ ಸಂದೇ ಹೊಗೆಗೆ ಏಣಿಯಾಯಿತು. ಉರಿ ಕೆಳಗಿದ್ದರೂ ಹೊಗೆ ಮೇಲಿನ ಅಂತಸ್ತುಗಳನ್ನೂ ಮೆಟ್ಟಿಲುಗಳನ್ನೂ ತುಂಬಿತು. ಹೊರಹೋಗುವ ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂದು ಆಗ ವರದಿಯಾಯಿತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದರು. ಕೆಲವರು ಮೇಲಿಂದ ಧುಮುಕಿದರು. ಒಂಬತ್ತು ಜನ ತೀರಿಕೊಂಡರು. ಕೆಲಸಕ್ಕೆಂದು ಬೆಳಿಗ್ಗೆ ಮನೆಯಿಂದ ಹೊರಟವರು! ಅವರ ಬಂಧುಗಳು ಮತ್ತು ಸ್ನೇಹಿತರು ಮುಂದೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಕಟ್ಟಡಗಳ ಅಗ್ನಿಸುರಕ್ಷತೆಗಾಗಿ ದುಡಿಯತೊಡಗಿದರು.

ಹೊಗೆ ಹೀಗೆ ಕೊಲ್ಲುವುದೇಕೆ? ಗಾಳಿ ಸಾಲದೆ ಉರಿಯುವ ವಸ್ತುವಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಕಣಗಳು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತವೆ. ಮೊದಲು ತಲೆನೋವು, ಆಮೇಲೆ ಬುದ್ಧಿಗೆ ಮಂಕು, ಕಾಲಲ್ಲಿ ಬಲವಿಲ್ಲ. ಗೊತ್ತಿರುವ ಬಾಗಿಲನ್ನೇ ಮನುಷ್ಯ ಹುಡುಕಲಾರ. ನಿದ್ರೆಯಲ್ಲಿರುವವನನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂಬ ನಂಬಿಕೆಯೂ ಬೇಡ. ನಿದ್ರೆಯಲ್ಲಿ ಮೂಗೂ ಮಲಗಿರುತ್ತದೆ.

ಆದರೆ ಬಿಸಿ ಹೊಗೆಗೆ ಒಂದು ಗುಣವುಂಟು. ಅದು ಮೊದಲು ಮಾಳಿಗೆಗೆ ಏರಿ, ಅಲ್ಲಿ ತುಂಬಿಕೊಂಡು, ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ನಮ್ಮ ಹಿರಿಯರು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿ ಒಲೆಯ ಹೊಗೆಗೆ ದಾರಿಯಾಗಿತ್ತು. ಇಂದಿನ ಸಿಮೆಂಟಿನ ತಾರಸಿಯಲ್ಲಿ ಅದೂ ಇಲ್ಲ. ಆದಕಾರಣ ಉಸಿರಾಡಲು ತಕ್ಕ ಗಾಳಿ ಕಡೆಯವರೆಗೆ ಉಳಿಯುವುದು ನೆಲದ ಹತ್ತಿರ. ನಿಂತು ಓಡಬೇಡಿ. ಅಂಬೆಗಾಲಿಕ್ಕಿ, ಒಂದು ಕೈ ಗೋಡೆಗೆ ತಾಗಿಸಿಕೊಂಡು ಬಾಗಿಲ ಕಡೆಗೆ ಸಾಗಿರಿ. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದರೆ ಮಸಿ ಸ್ವಲ್ಪ ತಡೆಯುತ್ತದೆ. ವಿಷಾನಿಲವನ್ನು ಅದು ತಡೆಯದು. ಬಟ್ಟೆ ತೋಯಿಸಲೆಂದು ಬಚ್ಚಲಿಗೆ ಹೋಗಿ ಹೊತ್ತು ಕಳೆಯಬಾರದು.

ಮುಚ್ಚಿದ ಬಾಗಿಲು ಎದುರಾದರೆ ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ, ಆಚೆ ಬೆಂಕಿಯಿದೆ. ಬೇರೆ ದಾರಿಯೇ ಇಲ್ಲದಿದ್ದರೆ ಆ ಬಾಗಿಲನ್ನು ಹಾಗೆಯೇ ಮುಚ್ಚಿಟ್ಟು, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಬಟ್ಟೆ ಬೀಸಿ ಕೂಗಬೇಕು. ಹೊರಗೆ ಹೋಗುವಾಗಲೂ ದಾಟಿದ ಬಾಗಿಲುಗಳನ್ನು ಮುಚ್ಚುತ್ತ ಹೋಗಿ, ಕೀಲಿ ಹಾಕಬೇಡಿ. ಪಟ್ಟಣದ ಎತ್ತರದ ಕಟ್ಟಡಗಳಲ್ಲಿ ಲಿಫ್ಟಿನ ಗೊಡವೆ ಕೂಡದು.

ಇನ್ನು ಕೀಲಿಯ ಮಾತು. ಕೋಟೆಗಳ ಹೆಬ್ಬಾಗಿಲಲ್ಲಿ ದಿಡ್ಡಿ ಎಂಬ ಸಣ್ಣ ಬಾಗಿಲಿರುತ್ತದೆ. ದೊಡ್ಡದನ್ನು ಮುಚ್ಚಿದಾಗಲೂ ಆಳು ಹೋಗಿಬರಲು ಅದು ಬೇಕು. ನಮ್ಮ ಮನೆಗಳ ದಿಡ್ಡಿಯೆಂದರೆ ಹಿತ್ತಿಲ ಬಾಗಿಲು. ಅದರ ಗತಿ ಈಗ ಏನಾಗಿದೆ? ಒಳಗೆ ಅಕ್ಕಿಯ ಚೀಲಗಳು, ಮುರಿದ ಸೈಕಲ್ಲು. ಕಿಟಕಿಗಳಿಗೆ ಕಳ್ಳನ ಭಯದಿಂದ ಕಬ್ಬಿಣದ ಸರಳು. ಮುಂಬಾಗಿಲಿಗೆ ರಾತ್ರಿ ಒಳಗಿನಿಂದ ಕೀಲಿ, ಕೀಲಿಕೈ ಯಜಮಾನರ ದಿಂಬಿನ ಕೆಳಗೆ! ಕಳ್ಳನನ್ನು ಹೊರಗಿಡಲು ಹೋಗಿ ನಮ್ಮನ್ನು ನಾವೇ ಕೂಡಿಹಾಕಿಕೊಂಡಿದ್ದೇವೆ. ರಾತ್ರಿ ಅಗುಳಿ, ಚಿಲಕ ಸಾಲದೆಂದು ಕೀಲಿ ಹಾಕುವುದಾದರೆ ಕೀಲಿಕೈಯನ್ನು ಬಾಗಿಲ ಬಳಿಯ ಮೊಳೆಗೇ, ಹುಡುಗರ ಕೈಗೂ ಸಿಕ್ಕುವಂತೆ ತೂಗುಹಾಕಿ. ಹಿತ್ತಿಲ ಬಾಗಿಲ ಮುಂದಿನ ಸಾಮಾನುಗಳನ್ನು ಈ ವಾರವೇ ತೆಗೆಸಿ. ತಂಗಲು ಬಂದ ಯಾತ್ರಿಕರಿಗೆ ಊಟದ ಹೊತ್ತು ತಿಳಿಸುವಾಗ ಆ ಬಾಗಿಲನ್ನೂ ತೋರಿಸಿ. ಅಜ್ಜಿಯನ್ನು ಯಾರು ಕರೆತರಬೇಕು, ಕೂಸನ್ನು ಯಾರು ಎತ್ತಿಕೊಳ್ಳಬೇಕು ಎಂಬುದು ಮೊದಲೇ ಗೊತ್ತಾಗಿರಲಿ.

ಮಕ್ಕಳ ವಿಷಯದಲ್ಲಿ ಮೇಷ್ಟರಾದ ನಾನು ಎರಡು ಮಾತು ಹೆಚ್ಚು ಹೇಳಿದರೆ ಕ್ಷಮಿಸಬೇಕು. ಹೆದರಿದ ಮಗು ಓಡುವುದಕ್ಕೆ ಬದಲಾಗಿ ಮಂಚದ ಕೆಳಗೋ ಪೆಟ್ಟಿಗೆಯ ಹಿಂದೋ ಅಡಗಿಕೊಳ್ಳುತ್ತದೆ. ಕೂಗಿದರೆ ಬೈಗುಳವೆಂದು ತಿಳಿದು ಇನ್ನೂ ಒಳಕ್ಕೆ ಸರಿಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ, ಪಡಸಾಲೆಯಿಂದ ಹಿತ್ತಿಲವರೆಗೆ ಅಂಬೆಗಾಲಲ್ಲಿ ಹೋಗುವ ಆಟವನ್ನು ಒಂದು ಭಾನುವಾರ ಆಡಿಸಿ. ಉಟ್ಟ ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ, ಮುಖ ಮುಚ್ಚಿಕೊಂಡು ನೆಲದ ಮೇಲೆ ಹೊರಳುವುದನ್ನೂ ಕಲಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಮಸಿ ಹಚ್ಚುವ ಹಳೆಯ ಪದ್ಧತಿ ಬೇಡ.

ಅಡುಗೆಯ ಅನಿಲದ ಸ್ವಭಾವ ಹೊಗೆಗೆ ತಿರುಗುಮುರುಗು. ಅದು ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಹರಡುತ್ತದೆ. ವಾಸನೆ ಬಂದಾಗ ದೀಪದ ಗುಂಡಿಯನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ತಿಳಿಸಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚದೆ ಒಲೆ ಆರಿಸಿ ತಟ್ಟೆ ಮುಚ್ಚಬೇಕು.

ಹೊರಬಂದವರು ಒಂದೇ ಕಡೆ ಸೇರಲಿ. ಓಣಿಯ ಕಟ್ಟೆ ಆದೀತು. ತಲೆ ಎಣಿಸಿ. ಹೊಲದ ಕಾಗದಪತ್ರಕ್ಕೆಂದು, ಬಂಗಾರಕ್ಕೆಂದು ಯಾರೂ ಮರಳಿ ಒಳಗೆ ಹೋಗಬಾರದು. ಒಬ್ಬರು 112ಕ್ಕೋ 101ಕ್ಕೋ ಕರೆಮಾಡಿ ಊರು, ಓಣಿ, ಗುರುತಿನ ಗುಡಿಯ ಹೆಸರು ಹೇಳಲಿ; ಒಳಗೆ ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂಬುದನ್ನೂ ಹೇಳಲಿ. ನಮ್ಮ ಓಣಿಗಳು ಇಕ್ಕಟ್ಟು. ಇನ್ನೊಬ್ಬರು ಮುಖ್ಯ ರಸ್ತೆಗೆ ಹೋಗಿ ನಿಂತು ಅಗ್ನಿಶಾಮಕ ವಾಹನಕ್ಕೆ ದಾರಿ ತೋರಿಸಬೇಕಾಗುತ್ತದೆ.